ಒಂದೇ ಹೆಸರಿನ ಎರಡು ಕನ್ನಡಕ

“ಅಜ್ಜಿ, ನೆಲ ಮೇಲಕ್ಕೆ ಬರ್ತಿದೆ.” ಪುಟ್ಟಿ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಮೂಗಿನ ಮೇಲೆ ಹೊಸ ಕನ್ನಡಕ.

ಮೇಜಿನ ಮುಂದೆ ಕುಳಿತಿದ್ದ ಅಜ್ಜಿಯದೂ ಹೊಸದೇ. “ನೆಲ ಆಮೇಲೆ ನೋಡೋಣ. ಈ ಫಾರ್ಮಲ್ಲಿರೋ ಅಕ್ಷರ ಎಲ್ಲ ನಂಗೆ ಇರುವೆ ಥರ ಕಾಣ್ತಿದೆ.”

ಅಪ್ಪ ಅಂಗಡಿಯಿಂದ ತಂದಿಟ್ಟಿದ್ದ ಎರಡು ಡಬ್ಬಿಗಳನ್ನು ಪುಟ್ಟಿ ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. ಎರಡರ ಮೇಲೂ ಒಂದೇ ಹೆಸರು. ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೂ ಇಟ್ಟಿದ್ದರು. ಹೋದ ತಿಂಗಳು ಪುಟ್ಟಿಯ ಲೈಬ್ರರಿ ಪುಸ್ತಕ ತಡವಾದಾಗ ಫೋನಿನಲ್ಲಿ ಬೈಸಿಕೊಂಡಿದ್ದು ಅಜ್ಜಿ.

“ಅದಲುಬದಲು ಆಗಿದೆ,” ಎಂದು ಪುಟ್ಟಿ ಕನ್ನಡಕ ತೆಗೆದಳು. “ಇದಕ್ಕೇ ಹೇಳಿದ್ದು, ತಮ್ಮನಿಗೆ ತಾತನ ಹೆಸರು ಬೇಡ ಅಂತ.”

ಫಾರ್ಮು ತಮ್ಮನ ಜನನ ನೋಂದಣಿಯದು. ಅವನು ಹುಟ್ಟಿ ಹದಿನೆಂಟು ದಿನ. ನಾಳೆ ಬೆಳಗ್ಗೆ ಅದನ್ನು ಆಫೀಸಿಗೆ ಕೊಡಬೇಕು. ಹೆಸರು ಆರಿಸುವ ಕೆಲಸವನ್ನು ಅಪ್ಪ ಅಮ್ಮ ಅಜ್ಜಿಗೇ ಬಿಟ್ಟಿದ್ದರು.

“ಮನೆತನದ ಹೆಸರು ಕಣೇ.”

“ಆಮೇಲೆ ಹಿರಿಯರ ಹೆಸರು ಹಿಡಿದು ಕರೆಯೋಕಾಗ್ದೆ ಅವನನ್ನೂ ಪುಟ್ಟ ಅಂತೀರ. ನಾನು ನಿನ್ನ ಭುಜದ ತನಕ ಬೆಳೆದ್ರೂ ಪುಟ್ಟೀನೇ. ನಾನೊಂದು ಹೆಸರು ಹುಡುಕಿದೀನಿ. ನಮ್ಮ ನೆಂಟರಲ್ಲಿ ಯಾರಿಗೂ ಇಲ್ಲ. ನನ್ನ ಹೆಸರಿನ ಜೊತೆ ಸೇರಿಸಿ ಒಂದೇ ಉಸಿರಲ್ಲಿ ಮೂರು ದಿನ ಕೂಗಿ ನೋಡಿದೀನಿ. ನಾಲಿಗೆ ಎಲ್ಲೂ ಎಡವಲ್ಲ.”

ಪೇಪರಿನ ಹಿಂದಿನಿಂದ ತಾತ ಹೇಳಿದರು, “ನನ್ನ ಹೆಸರು ನನ್ನ ಹತ್ರಾನೇ ಇರ್ಲಿ ಬಿಡೇ. ನಾನಿನ್ನೂ ಬಳಸ್ತಾ ಇದೀನಿ.”

ಅಜ್ಜಿ ನಗಲಿಲ್ಲ. ಫಾರ್ಮಿನ ಅಂಚನ್ನು ಬೆರಳಿಂದ ಸವರುತ್ತಾ, “ಹಾಗಾದ್ರೆ ನನ್ನ ಹೆಸರು ನಿಂಗೆ ಇಟ್ಟಿದ್ದು ತಪ್ಪಾಯ್ತಾ?” ಎಂದು ಕೇಳಿದರು.

ಈ ಪ್ರಶ್ನೆ ಬರುತ್ತದೆಂದು ಪುಟ್ಟಿ ಎಣಿಸಿರಲಿಲ್ಲ. ಅವಳು ಪೆನ್ನು ತೆಗೆದುಕೊಂಡು, ಒಂದು ಡಬ್ಬಿಯ ಮೇಲೆ ಹೆಸರಿನ ಪಕ್ಕದಲ್ಲಿ ಪುಟ್ಟ ನಕ್ಷತ್ರ ಬರೆದಳು.

“ಇದು ನಂದು. ಹೆಸರು ನಂಗೇ ಇರ್ಲಿ ಅಜ್ಜಿ, ವಾಪಸ್ ಕೊಡಲ್ಲ.”

ಅಜ್ಜಿಯ ಮೂಗಿನ ಮೇಲಿದ್ದ ತನ್ನ ಕನ್ನಡಕ ತೆಗೆದುಕೊಂಡು, ಕೈಯಲ್ಲಿದ್ದದ್ದನ್ನು ಲಂಗದ ಅಂಚಿನಿಂದ ಒರೆಸಿ ಅಜ್ಜಿಗೆ ಹಾಕಿದಳು. ಅಜ್ಜಿ ಫಾರ್ಮನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು.

“ಹೂಂ. ಏನದು ಹೆಸರು, ಹೇಳು.”

ಪುಟ್ಟಿ ಅಜ್ಜಿಯ ಕಿವಿಯಲ್ಲಿ ಹೇಳಿದಳು. ಅಜ್ಜಿ ತೊಟ್ಟಿಲ ಕಡೆ ತಿರುಗಿ, ಅಕ್ಕನದು ಮೊದಲು, ತಮ್ಮನದು ಆಮೇಲೆ, ಎರಡನ್ನೂ ಒಂದೇ ಉಸಿರಿನಲ್ಲಿ ಕೂಗಿದರು.

ಅಜ್ಜಿಯ ಬಾಯಲ್ಲಿ ತನ್ನ ನಿಜವಾದ ಹೆಸರನ್ನು ಪುಟ್ಟಿ ಕೇಳಿದ್ದು ಅದೇ ಮೊದಲು. ಪಕ್ಕದಲ್ಲೇ ನಿಂತಿದ್ದರೂ ಅವಳು, “ಬಂದೆ,” ಎಂದಳು.