ಬಾಗಿಲ ಮುಂದಿಲ್ಲದ ಚಪ್ಪಲಿ

ಗೋಪುರದ ತಳದ ಉಕ್ಕಿನ ಬಾಗಿಲನ್ನು ಎಳೆದಾಗ, ಅದಕ್ಕೆ ಒರಗಿದ್ದ ಹೆಣ ಬಾಗಿಲು ನೋಡಿಕೊಳ್ಳುವ ಅಕ್ಕನ ಕಾಲ ಮೇಲೆ ಉರುಳಿತು. ಮಣಿ ಹರಡುವವನು — ಅವಳ ತಮ್ಮ. ಕೂದಲ ತುಂಬ ಬಿಳಿ ಥರ್ಮೊಕೋಲ್ ಮಣಿಗಳು.

ಗೋಪುರದೊಳಗಿನ ಎತ್ತರದ ಕೊಳವೆಯಿಂದ ಪಂಪಿನಲ್ಲಿ ಗಾಳಿ ಹೀರಿ ಮೇಲಿನಿಂದ ಕ್ಯಾಪ್ಸೂಲ್ ಬೀಳಿಸುತ್ತಾರೆ. ಬೀಳುವ ನಾಲ್ಕು ಸೆಕೆಂಡು ಅದರೊಳಗೆ ಯಾವುದಕ್ಕೂ ತೂಕವಿಲ್ಲ. ಕಪ್ಪು ಧೂಳಿನ ಉಂಡೆಗಳು ತೇಲಿ ಡಿಕ್ಕಿ ಹೊಡೆಯುತ್ತವೆ. ಅಂಟಿಕೊಂಡವೋ, ಒಡೆದವೋ? ಗ್ರಹಗಳು ಹುಟ್ಟಿದ ಗುಟ್ಟು ಅದರಲ್ಲಿದೆಯಂತೆ. ಕ್ಯಾಪ್ಸೂಲ್ ಬೀಳುವ ಗುಂಡಿಯಲ್ಲಿ ಅದಕ್ಕೆ ಮೆತ್ತೆಯಾಗುವ ಮಣಿ ಸಮ ಮಾಡುವವನ ಹುಟ್ಟು ಯಾರಿಗೆ ಬೇಕು?

ಗುಂಡಿಯ ತಳ ಬಾಗಿಲಿಂದ ಕಾಣದು. ಹಾಗಾಗಿ ಅಲ್ಲಿ ಒಂದು ಕಟ್ಟುಪಾಡು: ಇಳಿಯುವವನು ಚಪ್ಪಲಿಯನ್ನು ಬಾಗಿಲ ಮುಂದೆ ಬಿಡಬೇಕು, ಚಪ್ಪಲಿ ಇರುವ ತನಕ ಮುಚ್ಚಬಾರದು. ಮುಚ್ಚಿದವಳು ಅಕ್ಕ; ಗಾಳಿ ಹೀರಿದಾಗ ತಮ್ಮ ಒಳಗೇ ಇದ್ದ. ಅವನ ಚಪ್ಪಲಿ ಸಿಕ್ಕಿದ್ದು ಹೊರಗಿನ ಓಣಿಯ ಗೂಡಿನಲ್ಲಿ. ಅಕ್ಕನ ಅಲಕ್ಷ್ಯವೇ ಕಾರಣವೆಂದು ನಿರ್ದೇಶಕರು ಆಗಲೇ ಬರೆದುಕೊಟ್ಟಿದ್ದರು. ಅವಳಿಗೆ ಜೈಲು ಕಾದಿತ್ತು.

ಇನ್ಸ್‌ಪೆಕ್ಟರಮ್ಮ ಅವಳ ಪಕ್ಕ ನೆಲದ ಮೇಲೇ ಕೂತಳು.

“ಚಪ್ಪಲಿ ಇರ್ಲಿಲ್ವಾ?”

“ಇರ್ಲಿಲ್ಲ ಮೇಡಂ. ನನ್ನ ಕಣ್ಣಾಣೆ.”

“ಒಳಗಿಂದ ಸದ್ದು?”

“ಬಡಿದಂಗಾಯ್ತು. ಡಾಕ್ಟರಮ್ಮ ಪಕ್ಕದಲ್ಲೇ ಇದ್ರು. ಪಂಪಿನ ಸದ್ದು ಕಣೇ, ನಿಂಗೇನು ಗೊತ್ತು ಅಂದ್ರು.”

ಡಾಕ್ಟರಮ್ಮ ಎಂದರೆ ಧೂಳಿನ ವಿಜ್ಞಾನಿ. ಬೆಳಗಿನಿಂದ ಧೂಳಿನ ಕೋಣೆಯಲ್ಲಿದ್ದೆ, ಅಲ್ಲಿಂದ ನೇರ ಬಂದೆ ಎಂದಳು. ಚಪ್ಪಲಿಯ ಮಾತೆತ್ತಿದರೆ ನಕ್ಕಳು.

“ಕೆಲಸದವರ ಚಪ್ಪಲಿ ನಾನ್ಯಾಕೆ ನೋಡ್ಲಿ?”

ಇನ್ಸ್‌ಪೆಕ್ಟರಮ್ಮ ಚಪ್ಪಲಿಯ ಬಾರನ್ನು ಬಿಳಿ ಬಟ್ಟೆಯಿಂದ ಒರೆಸಿದಳು. ಬಟ್ಟೆ ಕಪ್ಪಾಯಿತು.

“ಈ ಬಾರು ಹಾಕಿದ್ದು ಯಾವಾಗ?”

“ಇವತ್ತು ಬೆಳಿಗ್ಗೆ. ನಾನೇ ಹೊಲಿದೆ,” ಅಂದಳು ಅಕ್ಕ.

ಇನ್ಸ್‌ಪೆಕ್ಟರಮ್ಮ ವಿಜ್ಞಾನಿಯತ್ತ ತಿರುಗಿದಳು. “ಗುಂಡಿಯಲ್ಲಿದ್ದದ್ದು ಹೊಸ ಮಣಿ. ಉಂಡೆಗಳು ಕ್ಯಾಪ್ಸೂಲಿನೊಳಗೆ ಭದ್ರ. ಈ ಕಪ್ಪು ಅಲ್ಲಿಂದ ಬಂದದ್ದಲ್ಲ. ಧೂಳಿನ ಕೋಣೆಯ ಬೀಗದ ಕೈ ನಿಮ್ಮೊಬ್ಬರ ಹತ್ರ, ಡಾಕ್ಟ್ರೇ. ಈ ಧೂಳು ಮುಟ್ಟಿದ್ದಕ್ಕೆಲ್ಲ ಅಂಟುತ್ತೆ ಅಂತ ಬರೆದೋರೂ ನೀವೇ. ಬಾರು ಹಿಡಿದು ಎತ್ತಿದ್ದು ನೀವು.”

ಯಾಕೆ? ನಿನ್ನೆ ಕ್ಯಾಪ್ಸೂಲ್ ಒರೆಸುವಾಗ ತಮ್ಮ ಎಲ್ಲರೆದುರು ತಮಾಷೆ ಮಾಡಿದ್ದ: “ಅಮ್ಮಾ, ನಿಮ್ಮ ಗ್ರಹದಿಂದ ಗೋಂದಿನ ವಾಸನೆ ಬರ್ತಿದೆ.” ವಿಜ್ಞಾನಿಯ ಕಪಾಟಿನಲ್ಲಿ ಸಿಕ್ಕ ಉಂಡೆಗಳು ಸುತ್ತಿಗೆಗೂ ಒಡೆಯಲಿಲ್ಲ. ಒಳಗೆಲ್ಲ ಗೋಂದು — ಡಿಕ್ಕಿಯಲ್ಲಿ ಒಡೆಯದಂತೆ ಅವಳೇ ಬೆರೆಸಿದ್ದು.

ವಿಜ್ಞಾನಿ ತಲೆ ತಗ್ಗಿಸಲಿಲ್ಲ. “ಒಬ್ಬ ಮಣಿ ಹರಡೋನಿಗೋಸ್ಕರ ಹನ್ನೆರಡು ವರ್ಷದ ಕೆಲಸ ಸುಟ್ಕೊಳ್ಳಲಾ?”

ಅವಳನ್ನು ಕರೆದೊಯ್ದ ಮೇಲೆ ನಿರ್ದೇಶಕರು ಗಡಿಯಾರ ನೋಡಿದರು. ಮಧ್ಯಾಹ್ನ ಇನ್ನೊಂದು ಪ್ರಯೋಗವಿತ್ತು. ಮಣಿ ಸಮ ಮಾಡಲು ಇವಳೇ ಇಳಿದರೂ ಆದೀತು ಎಂದು ಅಕ್ಕನತ್ತ ಕೈ ತೋರಿದರು.

ಅಕ್ಕ ತನ್ನ ಚಪ್ಪಲಿ ಕಳಚಿ ಬಾಗಿಲ ಮುಂದಿಟ್ಟಳು. ಒಳಗೆ ಇಳಿಯಲಿಲ್ಲ. ಅಲ್ಲೇ ನಿಂತಳು.

“ಇದಿರೋ ತನಕ ಬಾಗಿಲು ಮುಚ್ಚಂಗಿಲ್ಲ. ಯಾರು ಎತ್ತುತ್ತೀರೋ ಎತ್ತಿ.”