ಹನ್ನೆರಡನೆಯ ಆಲೂಗಡ್ಡೆ

ಗ್ಲೆನಿಸ್ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಕೋಬಿಯ ಮನೆಯವರು ಊಟ ಮಾಡುವುದನ್ನೇ ನೋಡುತ್ತಿದ್ದಳು. ಹೊತ್ತು ಕಳೆಯಲೆಂದು ಕೋಬಿಯ ಅಮ್ಮ ಅವಳ ಕೈಗೊಂದು ಡಚ್ ಪತ್ರಿಕೆ ಕೊಟ್ಟಿದ್ದಳು. ಗ್ಲೆನಿಸ್ ಅದನ್ನು ತಲೆಕೆಳಗಾಗಿ ಹಿಡಿದಿದ್ದಳು.

ಗಂಟೆ ಆರು. ನಮ್ಮ ಡಚ್ಚರ ಮನೆಗಳಲ್ಲಿ ಆರು ಹೊಡೆಯಿತೆಂದರೆ ಊಟ. ಭೂಕಂಪವಾದರೂ ತಟ್ಟೆ ಖಾಲಿ ಮಾಡಿಯೇ ಓಡುವ ಜನ ನಾವು. ಆಡಲು ಬಂದ ಮಕ್ಕಳು ಆ ಹೊತ್ತಿಗೆ ತಮ್ಮ ತಮ್ಮ ಮನೆಗೆ ಹೋಗಬೇಕು. ಮಳೆ ಸುರಿಯುತ್ತಿದ್ದರೆ ಮಾತ್ರ ಕುರ್ಚಿಯಲ್ಲಿ ಕೂತು ಕಾಯಬಹುದು. ಅಷ್ಟು ದಯೆ ನಮಗೂ ಇದೆ.

ಕೋಬಿಯ ಅಮ್ಮ ಆಲೂಗಡ್ಡೆಯನ್ನು ಎಣಿಸಿ ಬೇಯಿಸುತ್ತಿದ್ದಳು. ಅಪ್ಪನಿಗೆ ನಾಲ್ಕು, ಅಮ್ಮನಿಗೆ ಮೂರು, ಕೋಬಿಗೆ ಎರಡು, ತಮ್ಮ ಫ್ರಿಟ್ಸ್‌ಗೆ ಎರಡು. ಒಟ್ಟು ಹನ್ನೊಂದು. ಹಾಲೆಂಡ್ ಬಿಟ್ಟು, ಆರು ವಾರ ಹಡಗಿನಲ್ಲಿ ತೂರಾಡಿಕೊಂಡು ನ್ಯೂಜಿಲೆಂಡ್‌ಗೆ ಬಂದು ಒಂಬತ್ತು ತಿಂಗಳಾಗಿತ್ತು. ಸಾಮಾನು ತುಂಬಿ ತಂದ ದೊಡ್ಡ ಮರದ ಪೆಟ್ಟಿಗೆ ಆಗಲೇ ಕೋಳಿಗೂಡಾಗಿತ್ತು. ಲೆಕ್ಕ ಮಾತ್ರ ಹನ್ನೊಂದರಲ್ಲೇ ಇತ್ತು.

ಮರುದಿನ ಸ್ಕೂಲಿನಲ್ಲಿ ಗ್ಲೆನಿಸ್ ಬೇರೆ ಬೆಂಚಿಗೆ ಹೋಗಿ ಕೂತಳು. ಊರಿನಲ್ಲಿ ಕೋಬಿಗಿದ್ದದ್ದು ಅವಳೊಬ್ಬಳೇ ಗೆಳತಿ. ಕೋಬಿ ಹತ್ತಿರ ಹೋಗಿ ಏನಾಯಿತೆಂದು ಕೇಳಿದಳು.

"ನಮ್ಮನೇಲಿ ನಾಯಿಗೂ ಹಾಗೆ ಮಾಡಲ್ಲ," ಎಂದಳು ಗ್ಲೆನಿಸ್. "ನೀವೆಲ್ಲ ತಿಂತಾ ಇದ್ರಿ. ನಾನು ನೋಡ್ತಾ ಕೂತಿದ್ದೆ."

ಕೋಬಿಗೆ ಇದರಲ್ಲಿ ತಪ್ಪೇನೆಂದು ನಿಜವಾಗಿಯೂ ಗೊತ್ತಾಗಲಿಲ್ಲ. ಊಟದ ಹೊತ್ತಿನಲ್ಲಿ ಇನ್ನೊಬ್ಬರ ಮನೆಯಲ್ಲಿರುವುದೇ ಮರ್ಯಾದೆಯಲ್ಲ, ಆದರೂ ಅಮ್ಮ ಕುರ್ಚಿ ಕೊಟ್ಟಳಲ್ಲ ಎಂದು ವಾದಿಸಿದಳು. ಅದರಿಂದ ವಿಷಯ ಇನ್ನಷ್ಟು ಕೆಟ್ಟಿತು. ಮಧ್ಯಾಹ್ನದ ಹೊತ್ತಿಗೆ ಇಡೀ ಕ್ಲಾಸು ಅವಳನ್ನು ಜಿಪುಣಿ ಎಂದು ಕರೆಯುತ್ತಿತ್ತು. ಕೋಬಿ ಬಾತ್‌ರೂಮಿಗೆ ಹೋಗಿ ಅತ್ತಳು.

ಅವಳನ್ನು ಉಳಿಸಿದ್ದು ಒಂದು ಕರು. ಸ್ಕೂಲಿನಲ್ಲಿ ಪ್ರತಿವರ್ಷ ಕರುಗಳ ಪ್ರದರ್ಶನ ನಡೆಯುತ್ತಿತ್ತು. ಮಕ್ಕಳು ತಾವು ಸಾಕಿದ ಕರುವನ್ನು ಹಗ್ಗ ಹಿಡಿದು ನಡೆಸಿ ತೋರಿಸಬೇಕು. ಗ್ಲೆನಿಸ್‌ಳ ಕರು ಬಟನ್ ಮಹಾ ಹಟಮಾರಿ. ಕೋಬಿ ಮುಂದೆ ಹೋದರೆ ಮಾತ್ರ ಅದು ಹೆಜ್ಜೆ ಎತ್ತಿಡುತ್ತಿತ್ತು. ಹಾಗಾಗಿ ಶುಕ್ರವಾರ ಗ್ಲೆನಿಸ್ ಮುಖ ಊದಿಸಿಕೊಂಡೇ ಬಂದು, ಸಂಜೆ ಮನೆಗೆ ಬರಬೇಕು ಎಂದಳು. ಬಟನ್‌ಗೋಸ್ಕರ ಮಾತ್ರ ಎಂದೂ ಸೇರಿಸಿದಳು.

ಕರು ನಡೆಯಿತು. ಹುಡುಗಿಯರು ಮಾತಾಡಲಿಲ್ಲ. ಕೋಬಿಯನ್ನು ಕರೆದುಕೊಂಡು ಹೋಗಲು ಅಪ್ಪ ಆರೂವರೆಗೆ ಟ್ರಕ್ ತರುವವನಿದ್ದ. ಅಡುಗೆಮನೆಯಿಂದ ಕುರಿಮಾಂಸ ಬೇಯುವ ವಾಸನೆ ಬಂತು. ಕೋಬಿ ಗಡಿಯಾರ ನೋಡಿದಳು. ಆರಕ್ಕೆ ಐದು ನಿಮಿಷ. ಇವತ್ತಾದರೂ ಮರ್ಯಾದಸ್ಥ ಹುಡುಗಿ ಎನಿಸಿಕೊಳ್ಳಬೇಕೆಂದು ಸದ್ದಿಲ್ಲದೆ ಹೊರಗೆ ಹೋಗಿ, ಹಿತ್ತಲ ಮೆಟ್ಟಿಲ ಮೇಲೆ ಬೂಟುಗಳ ಸಾಲಿನ ಪಕ್ಕ ನೆಟ್ಟಗೆ ಕೂತಳು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಗ್ಲೆನಿಸ್‌ಳ ಅಮ್ಮ ಸೌಟು ಹಿಡಿದು ನಿಂತಿದ್ದಳು.

"ಯಾಕಮ್ಮ ಇಲ್ಲಿ ಕೂತಿದ್ದೀಯ?"

"ನೀವು ಊಟ ಮಾಡಿ ಆಂಟಿ. ನಾನು ಕಾಯ್ತೀನಿ."

ಆಂಟಿಯ ಹಿಂದಿನಿಂದ ಗ್ಲೆನಿಸ್ ಇಣುಕಿದಳು. ಮೆಟ್ಟಿಲ ಮೇಲಿನ ಕೋಬಿಯನ್ನೂ ಬೂಟುಗಳನ್ನೂ ನೋಡಿದಳು. ನೋಡುನೋಡುತ್ತ ಅವಳ ಊದಿದ ಮುಖ ಇಳಿಯಿತು.

"ಅಮ್ಮ, ಇವಳು ನಿಜವಾಗ್ಲೂ ಕೂತ್ಕೋತಾಳೆ," ಎಂದಳು. "ಅವತ್ತು ನನ್ನನ್ನ ಅವಮಾನ ಮಾಡೋಕೆ ಕೂರಿಸಿದ್ದಲ್ಲ. ಇವರು ಎಲ್ರೂ ಹಿಂಗೇ."

ಕೈ ಹಿಡಿದು ಎಳೆದುಕೊಂಡು ಹೋಗಿ ಕೋಬಿಯನ್ನು ಮೇಜಿಗೆ ಕೂರಿಸಿದರು. ತಟ್ಟೆಗೆ ಮೂರು ಆಲೂಗಡ್ಡೆ ಬಿದ್ದವು. ಅವು ಯಾರ ಪಾಲಿನವು ಎಂದು ಕೋಬಿ ಕೇಳಿದಳು. ಮೇಜಿನ ಸುತ್ತ ಎಲ್ಲರೂ ನಕ್ಕರು. ಅವಳು ಕೇಳಿದ್ದು ತಮಾಷೆಗಲ್ಲ ಎಂದು ಯಾರಿಗೂ ತಿಳಿಯಲಿಲ್ಲ. ಆರೂವರೆಗೆ ಅಪ್ಪ ಬಂದ. ಎಷ್ಟು ಕರೆದರೂ ಟ್ರಕ್‌ನಿಂದ ಇಳಿಯಲಿಲ್ಲ. ಅವರು ಊಟ ಮಾಡುತ್ತಿದ್ದರಲ್ಲ.

ಮನೆಯಲ್ಲಿ ಅಮ್ಮನ ಮುಖ ಬಿಳುಚಿತು. "ಅವರ ಮನೇಲಿ ಊಟ ಮಾಡಿದ್ಯಾ? ಯಾರಿಗೆ ಕಮ್ಮಿ ಬಿತ್ತು?"

"ಯಾರಿಗೂ ಇಲ್ಲಮ್ಮ. ಉಳೀತು. ನಾಯಿಗೂ ಹಾಕಿದ್ರು."

ಅಮ್ಮ ಏಪ್ರನ್ನಿನ ಅಂಚನ್ನು ಮಡಚುತ್ತ, ಬಿಡಿಸುತ್ತ ಕೂತಳು. ಆಮೇಲೆ ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದ ಮಾತು ತೆಗೆದಳು. ಆಗ ಹಾಲೆಂಡಿನ ಹಾರ್ಲೆಮ್‌ನ ಮನೆಯಲ್ಲಿ ಇದ್ದವರು ಆರು ಜನ. ಕೆಲವು ದಿನ ಸಿಗುತ್ತಿದ್ದದ್ದು ನಾಲ್ಕೇ ಆಲೂಗಡ್ಡೆ. ಅಜ್ಜಿ ಚಾಕು ಹಿಡಿದು ಸಮವಾಗಿ ಹೆಚ್ಚಿ ಪಾಲು ಹಾಕುತ್ತಿದ್ದಳು.

"ಆ ಹೊತ್ತಲ್ಲಿ ಯಾರಾದ್ರೂ ಬಾಗಿಲು ತಟ್ಟಿದ್ರೆ ಎದೆ ಧಸಕ್ ಅನ್ನೋದು ಕಣೇ," ಎಂದಳು ಅಮ್ಮ. "ಬಂದೋರಿಗೆ ಯಾರ ಚೂರು ತೆಗೆದು ಕೊಡೋದು? ಅದಕ್ಕೇ ಯಾರೂ ಯಾರ ಮನೇಗೂ ಹೋಗ್ತಿರ್ಲಿಲ್ಲ."

ಕೋಬಿ ಅಮ್ಮನಿಗೆ ಒತ್ತಿಕೊಂಡು ಕೂತಳು. ಯುದ್ಧಕ್ಕೆ ಮುಂಚೆಯೂ ನಿಮ್ಮ ಮನೆಯವರು ಎಣಿಸುತ್ತಿದ್ದರು ಎಂದು ಅಪ್ಪ ಪತ್ರಿಕೆಯ ಹಿಂದಿನಿಂದ ಹೇಳಿದ. ಅಮ್ಮ ಅವನತ್ತ ಕಣ್ಣು ಬಿಟ್ಟಳು, ಆದರೆ ಇಲ್ಲ ಎನ್ನಲಿಲ್ಲ.

ಮರುದಿನ ಸಂಜೆ ಅಮ್ಮ ಹನ್ನೊಂದು ಆಲೂಗಡ್ಡೆ ಹೆರೆದು ಚಾಕು ಕೆಳಗಿಟ್ಟಳು. ಪಾತ್ರೆಯನ್ನು ನೋಡಿದಳು. ಕೋಬಿಯನ್ನು ನೋಡಿದಳು. ಮತ್ತೆ ಚಾಕು ಎತ್ತಿಕೊಂಡು ಚೀಲದಿಂದ ಇನ್ನೊಂದು ತೆಗೆದಳು.

ನಾಲ್ಕು ದಿನ ಯಾರೂ ಬರಲಿಲ್ಲ. ಎಸೆಯುವುದುಂಟೇ? ಹನ್ನೆರಡನೆಯದನ್ನು ದಿನಾ ಬೆಳಿಗ್ಗೆ ಹುರಿದು ಫ್ರಿಟ್ಸ್‌ಗೆ ತಿನ್ನಿಸಿದರು. ಐದನೆಯ ದಿನ ಸರಿಯಾಗಿ ಆರಕ್ಕೆ ಗ್ಲೆನಿಸ್ ಬಾಗಿಲು ತಟ್ಟಿದಳು. ಬಟನ್‌ಗೆ ಮೂರನೇ ಬಹುಮಾನ ಬಂದಿತ್ತು. ಅದಕ್ಕೆ ಕೊಟ್ಟ ರಿಬ್ಬನ್ ಅವಳ ಕೈಯಲ್ಲಿತ್ತು. ಗಡಿಯಾರ ನೋಡಿ, ತಾನಾಗಿಯೇ ಕಿಟಕಿ ಪಕ್ಕದ ಕುರ್ಚಿಯ ಕಡೆ ಹೊರಟಳು.

"ಅಲ್ಲಲ್ಲ, ಇಲ್ಲಿ ಬಾ," ಎಂದು ಅಮ್ಮ ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಕರೆದು, ಮೇಜಿನ ಮೇಲೆ ಐದನೆಯ ತಟ್ಟೆ ಇಟ್ಟಳು.

ಎಲ್ಲರೂ ತಿನ್ನತೊಡಗಿದರು. ಗ್ಲೆನಿಸ್‌ಳ ತಟ್ಟೆಯಲ್ಲಿ ಎರಡು ಆಲೂಗಡ್ಡೆ ಇದ್ದವು. ಅಮ್ಮನ ತಟ್ಟೆಯಲ್ಲೂ ಎರಡೇ. ಬೇರೆ ಯಾರೂ ಗಮನಿಸಲಿಲ್ಲ. ಆದರೆ ಕೋಬಿ ಎಣಿಸಿದ್ದಳು. ಎಷ್ಟಾದರೂ ಅವಳೂ ಡಚ್ ಹುಡುಗಿಯೇ ತಾನೇ.

ಮರುದಿನ ಸಂಜೆ ಅಮ್ಮ ಹನ್ನೆರಡಕ್ಕೆ ಚಾಕು ಕೆಳಗಿಟ್ಟಳು. ಕೋಬಿ ಅದನ್ನು ಎತ್ತಿಕೊಂಡು, ಚೀಲದಿಂದ ಹದಿಮೂರನೆಯದನ್ನು ತೆಗೆದು ಹೆರೆಯತೊಡಗಿದಳು.