ಗೀರು ಬೇಕಿದ್ದ ಹೆಲ್ಮೆಟ್

ಮೆಟ್ಟಿಲ ಮೇಲೆ ಯಾರೋ ಸ್ಯಾಂಡ್‌ಪೇಪರ್ ಉಜ್ಜುತ್ತಿದ್ದರು. ಸದ್ದು ಕೇಳಿಯೇ ಅವನಿಗೆ ಗೊತ್ತಾಯಿತು: ಪೇಪರ್ ತಪ್ಪು, ಕೈ ಹೋಗುವ ದಿಕ್ಕೂ ತಪ್ಪು, ಆದರೆ ಉಜ್ಜುವವರ ಹಟ ಮಾತ್ರ ಸಾಮಾನ್ಯದ್ದಲ್ಲ.

ಅವನು ಗ್ಯಾರೇಜಿನಲ್ಲಿ ಕಾರುಗಳಿಗೆ ಪೇಂಟ್ ಹೊಡೆಯುವವನು. ಗುದ್ದಿಸಿಕೊಂಡು ಬಂದ ಬಾಗಿಲು, ಗೋಡೆಗೆ ಉಜ್ಜಿಕೊಂಡ ಬಂಪರ್, ಯಾವುದೇ ಇರಲಿ, ಅವನ ಕೈ ದಾಟಿ ಬಂದರೆ ಶೋರೂಮಿನಿಂದ ಈಗತಾನೇ ಇಳಿದ ಹಾಗೆ ಇರುತ್ತಿತ್ತು. ಅಷ್ಟಾದರೂ ತಲೆ ಓರೆ ಮಾಡಿ ನೋಡಿ, "ಇನ್ನೂ ಫಿನಿಶಿಂಗ್ ಬಂದಿಲ್ಲ" ಎಂದು ಗೊಣಗುವ ಚಾಳಿ. ಹಾಗಾಗಿ ಗ್ಯಾರೇಜಿನವರು ಅವನಿಗೆ ಫಿನಿಶಿಂಗ್ ಎಂದೇ ಹೆಸರಿಟ್ಟಿದ್ದರು. ಮನೆಯಲ್ಲಿ ಅತ್ತಿಗೆಯೂ ಅದನ್ನೇ ಕಲಿತುಬಿಟ್ಟಿದ್ದಳು.

ಬಾಗಿಲು ತೆಗೆದು ನೋಡಿದರೆ ಮೇಲಿನ ಮನೆಯ ಹುಡುಗಿ. ಕೂದಲು, ಹುಬ್ಬು, ಮೂಗಿನ ತುದಿ ಎಲ್ಲ ಬೂದು ಧೂಳು. ಮಡಿಲಲ್ಲಿ ತಲೆಯಷ್ಟು ದೊಡ್ಡದೊಂದು ಉಬ್ಬುತಗ್ಗಿನ ವಸ್ತು.

"ಹೆಲ್ಮೆಟ್ಟಾ?"

"ಹೂಂ."

"ಯಾವ ಬೈಕಿಗೆ?"

"ಬೈಕಿಗಲ್ಲ. ಬೇರೆ ಗ್ರಹಕ್ಕೆ."

ಅವಳು ನಗಲಿಲ್ಲ. ತಮಾಷೆಯೋ ನಿಜವೋ ತಿಳಿಯದೆ ಅವನು ಪೆದ್ದನಂತೆ ನಿಂತ. ಆಮೇಲೆ ಅವಳ ತುಟಿಯ ಒಂದು ಕೊನೆ ಸ್ವಲ್ಪವೇ ಮೇಲೆ ಹೋಯಿತು. ಅಷ್ಟು ಸಾಕಾಯಿತು, ಫಿನಿಶಿಂಗ್‌ನ ಕಥೆ ಮುಗಿಯಿತು.

ಅವಳು ಲ್ಯಾಬಿನಲ್ಲಿ ಕಟ್ಟು ಹಲ್ಲು ಮಾಡುವವಳು. ಡಾಕ್ಟರು ಅಚ್ಚು ಕಳಿಸುತ್ತಾರೆ, ಇವಳು ಹಲ್ಲು ಮಾಡಿ ಕಳಿಸುತ್ತಾಳೆ. ಯಾರ ಬಾಯಿಗೆ ಹೋಯಿತು, ಅವರು ಹೇಗೆ ನಕ್ಕರು, ಒಂದನ್ನೂ ಇವಳು ಕಂಡದ್ದಿಲ್ಲ. ಅವರೂ ಇವಳನ್ನು ಕಂಡದ್ದಿಲ್ಲ. ಕೈ ಚಿನ್ನ, ಆದರೆ ನಾಲ್ಕು ಜನರ ಮುಂದೆ ನಿಲ್ಲಬೇಕೆಂದರೆ ಜೀವ ಬಾಯಿಗೆ ಬರುತ್ತಿತ್ತು. ಊರಿನ ದೊಡ್ಡ ಸಭಾಂಗಣದಲ್ಲಿ ವೇಷಗಳ ಮೆರವಣಿಗೆಯೊಂದು ನಡೆಯುವುದಿತ್ತು. ತಾವೇ ಮಾಡಿದ ವೇಷ ತೊಟ್ಟು, ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆಯಬೇಕು. ದೂರದ ಗ್ರಹವೊಂದರ ಗಡಿಠಾಣೆ ಕಾಯುವ ಸೈನಿಕಳೊಬ್ಬಳನ್ನು ಇವಳು ತಲೆಯೊಳಗೆ ಬಹಳ ದಿನದಿಂದ ಸಾಕಿಕೊಂಡಿದ್ದಳು. ಆ ಸೈನಿಕಳಾಗಿ ಒಂದು ಸಲವಾದರೂ ಜನರೆದುರು ನಡೆಯಬೇಕು ಎನ್ನುವುದು ಅವಳ ಆಸೆ. ಈ ಸಲ ಹೋಗದಿದ್ದರೆ ಇನ್ನು ಯಾವತ್ತೂ ಹೋಗುವುದಿಲ್ಲ ಎಂದು ಅವಳಿಗೆ ತನ್ನ ಮೇಲೇ ಅನುಮಾನ.

ಇದನ್ನೆಲ್ಲ ಅವಳು ಒಂದೇ ದಿನ ಹೇಳಲಿಲ್ಲ. ಅವನು ಪದೇ ಪದೇ ಮೆಟ್ಟಿಲು ಹತ್ತಿ ಒಂದೊಂದಾಗಿ ಕೇಳಿಸಿಕೊಂಡ. ಒಂದು ದಿನ ಒಳ್ಳೆಯ ಸ್ಯಾಂಡ್‌ಪೇಪರ್ ಕೊಡಲು ಹೋದ. ಮತ್ತೊಂದು ದಿನ ತಗ್ಗು ತುಂಬುವ ಪುಟ್ಟಿ ಕಲಸುವುದು ಹೇಗೆಂದು ತೋರಿಸಲು. ಬಣ್ಣಕ್ಕೆ ಮುಂಚೆ ಬಳಿಯುವ ಪ್ರೈಮರ್ ಒಣಗಿತೇ ಎಂದು ನೋಡಲು ಹೋದದ್ದಕ್ಕಂತೂ ಲೆಕ್ಕವಿಲ್ಲ.

"ಏನಪ್ಪಾ ಫಿನಿಶಿಂಗ್, ಅದೇನು ಪ್ರೈಮರ್ರೋ, ಮಳೆಗಾಲದ ಬಟ್ಟೆಯೋ? ಒಣಗೋದೇ ಇಲ್ಲವಲ್ಲ" ಎಂದು ಅತ್ತಿಗೆ ಅಡುಗೆಮನೆಯಿಂದಲೇ ಕೇಳುತ್ತಿದ್ದಳು. ಅಣ್ಣ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದ.

ಹೆಲ್ಮೆಟ್ಟಿನ ಒಡಲು ಬರೀ ದಪ್ಪ ಕಾಗದ. ಅದನ್ನು ಅವಳು ಕತ್ತರಿಸಿ, ಮಡಚಿ, ಅಂಚಿಗೆ ಅಂಚು ಸೇರಿಸಿ ಅಂಟಿಸಿದ್ದಳು. ಒಳಗಡೆ ಫೈಬರ್ ಬಟ್ಟೆ ಮತ್ತು ಅದನ್ನು ಗಟ್ಟಿ ಮಾಡುವ ರೆಸಿನ್ ಅಂಟು. ಹೊರಗಡೆ ಅವನ ಗ್ಯಾರೇಜಿನದೇ ಜಾತಿಯ ಪುಟ್ಟಿ. ಕಣ್ಣಿನ ಜಾಗಕ್ಕೆ ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಬಾಗಿಸಿ ಕೂರಿಸಿದ್ದಳು. ದವಡೆಯ ಹತ್ತಿರದ ಗಾಳಿಕಿಂಡಿಗಳನ್ನು ಹಲ್ಲು ಕೊರೆಯುವ ಸಣ್ಣ ಮೆಶಿನ್ನಿನಿಂದ ಕೊರೆಯುವಾಗ, ಅವಳು ಕೆಳತುಟಿ ಕಚ್ಚಿಕೊಂಡು ಉಸಿರು ಬಿಗಿ ಹಿಡಿಯುತ್ತಿದ್ದಳು. ಅವಳ ಜೊತೆ ಅವನೂ ಉಸಿರು ಹಿಡಿಯುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಕೂತ ಅವಳ ಅಪ್ಪ ಇಬ್ಬರನ್ನೂ ನೋಡಿ, ಯಾರಾದರೂ ಒಬ್ಬರು ಉಸಿರಾಡಿದರೆ ಒಳ್ಳೆಯದು ಎಂದಿದ್ದರು.

ಬಣ್ಣದ ಸರದಿ ಬಂದಾಗ ಅವಳು ಅವನನ್ನು ಹೊರಗಿಟ್ಟಳು. ಮುಗಿದ ಮೇಲೆ ತೋರಿಸುತ್ತೇನೆ, ಅಲ್ಲಿಯವರೆಗೆ ಬರಬೇಡಿ ಎಂದಳು. ಆ ದಿನಗಳಲ್ಲಿ ಅವನಿಗೆ ಅನ್ನ ಸೇರಲಿಲ್ಲ. ಪ್ರೀತಿ ಎಂದು ಒಪ್ಪಿಕೊಳ್ಳುವ ಧೈರ್ಯವಿಲ್ಲದೆ, ಹೊಟ್ಟೆ ಸರಿಯಿಲ್ಲ ಎಂದು ಅತ್ತಿಗೆಗೆ ಹೇಳಿದ.

ಮೆರವಣಿಗೆ ಭಾನುವಾರ. ಶುಕ್ರವಾರ ಬೆಳಿಗ್ಗೆ ಅವಳು ಹಳೆಯ ಟವೆಲಿನಲ್ಲಿ ಸುತ್ತಿದ ಹೆಲ್ಮೆಟ್ಟನ್ನು ಅವನ ಕೈಗಿಟ್ಟಳು. ಲ್ಯಾಬಿಗೆ ಹೊತ್ತಾಗಿತ್ತು.

"ಬಣ್ಣ ಕಿತ್ತುಬರದ ಹಾಗೆ ಮೇಲೊಂದು ಕೋಟ್ ಹೊಡೆದುಕೊಡ್ತೀರಾ? ಹೇಗೆ ಅಂತ ನಾನೇನು ಹೇಳೋದು, ನಿಮಗೇ ಗೊತ್ತಲ್ಲ" ಎಂದು ಹೇಳಿ ಓಡಿದಳು.

ಗ್ಯಾರೇಜಿನಲ್ಲಿ ಟವೆಲು ಬಿಚ್ಚಿದವನ ಎದೆ ಧಸಕ್ಕೆಂದಿತು. ಹಸಿರು ಬಣ್ಣವೇನೋ ಚೆನ್ನಾಗಿಯೇ ಕೂತಿತ್ತು. ಆದರೆ ಮೈತುಂಬ ಗೀರು. ಹಣೆಯಲ್ಲೊಂದು ತಗ್ಗು, ನೆತ್ತಿಯ ಹತ್ತಿರ ಎದ್ದುಹೋದ ಬಣ್ಣ, ಕಿವಿಯ ಪಕ್ಕ ಮಸಿ. ಎಡ ದವಡೆಯ ಉದ್ದಕ್ಕೂ ಒಂದು ಆಳವಾದ ಗಾಯ. ಪಾಪ, ಮೊದಲ ಸಲ ಪೇಂಟ್ ಮಾಡಿದ್ದಾಳೆ, ಕೈತಪ್ಪಿ ಎಲ್ಲೋ ಬೀಳಿಸಿಯೂ ಇದ್ದಾಳೆ, ಹೇಳಿಕೊಳ್ಳಲು ನಾಚಿಕೆ. ಅದಕ್ಕೇ 'ನಿಮಗೇ ಗೊತ್ತಲ್ಲ' ಎಂದದ್ದು.

ಆ ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಗೀರುಗಳಿಗೆ ಪುಟ್ಟಿ ತುಂಬಿ ನೀರು ಹಾಕಿ ಉಜ್ಜಿದ. ಎಡ ದವಡೆಯ ಗಾಯಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಟ್ಟ. ಅದೇ ಹಸಿರನ್ನು ಕಣ್ಣಂದಾಜಿನಲ್ಲೇ ಬೆರೆಸಿ ಹೊಡೆದ. ಅದರ ಮೇಲೆ ಹೊಸ ಕಾರಿಗೆ ಹೊಡೆಯುವಂಥ ಗ್ಲಾಸಿ ಕೋಟ್. ಮಾರನೆಯ ಬೆಳಿಗ್ಗೆ ನೋಡಿದರೆ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಜೀವನದಲ್ಲಿ ಮೊದಲ ಸಲ ಫಿನಿಶಿಂಗ್ ಬಂದಿದೆ ಎಂದು ಅವನಿಗೆ ಅನ್ನಿಸಿತು.

ಶನಿವಾರ ಅವಳ ಮನೆಯ ಬಾಗಿಲಲ್ಲಿ ನಿಂತು, ಟವೆಲು ಸರಿಸಿ ತೋರಿಸಿದ. ಅವಳ ಕಣ್ಣು ಮೊದಲು ಹಣೆಗೆ ಹೋಯಿತು, ಆಮೇಲೆ ನೆತ್ತಿಗೆ, ಕೊನೆಗೆ ಎಡ ದವಡೆಗೆ. ಅಲ್ಲೇ ನಿಂತಿತು. ಬೆರಳಿನಿಂದ ಅದನ್ನು ಸವರಿದಳು.

"ಗಾಯಗಳು ಎಲ್ಲಿ ಹೋದವು?"

"ಎಲ್ಲಾ ತೆಗೆದೆ. ಒಂದೂ ಬಿಟ್ಟಿಲ್ಲ" ಎಂದ ಅವನು, ಎದೆಯುಬ್ಬಿಸಿ.

ಅವಳು ಮುಖ ತಗ್ಗಿಸಿದಳು. ಬಹಳ ಕಷ್ಟಪಟ್ಟಿದ್ದೀರಿ, ಥ್ಯಾಂಕ್ಸ್ ಎಂದು ಮೆಲ್ಲಗೆ ಹೇಳಿ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕೆಳಗೆ ಬಂದು ಅತ್ತಿಗೆಗೆ ಹೇಳಿದ. ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಹಣೆ ಚಚ್ಚಿಕೊಂಡಳು. ಆ ಹುಡುಗಿ ಕಳೆದ ವಾರವೆಲ್ಲ ಕೂತು ಆ ಗೀರುಗಳನ್ನು ಬೇಕೆಂದೇ ಮಾಡಿದ್ದಳು. ಮಸಿ ಚಿಮುಕಿಸಲು ಹಳೆಯ ಟೂತ್‌ಬ್ರಶ್ ಬೇಕೆಂದು ಅತ್ತಿಗೆಯ ಹತ್ತಿರವೇ ಕೇಳಿ ಒಯ್ದಿದ್ದಳು. ಯುದ್ಧ ಮಾಡಿ ಬಂದ ಸೈನಿಕಳ ಹೆಲ್ಮೆಟ್ಟು ಹೊಸದಾಗಿ ಇರುತ್ತದೆಯೇ?

"ಅವಳು ನಿನ್ನನ್ನ ಹೊರಗಿಟ್ಟು ಮಾಡಿದ್ದು ಅದನ್ನೇ ಕಣೋ. ನಿನಗೆ ತೋರಿಸಿ ಬೆರಗು ಮಾಡಬೇಕು ಅಂತಿದ್ಲು. ನೀನು ಹೋಗಿ ಎಲ್ಲ ನುಣ್ಣಗೆ ಬೋಳಿಸಿ ಬಂದಿದ್ದೀಯ."

ಅವನಿಗೆ ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು. ಭೂಮಿ ಬಾಯಿಬಿಡಲಿಲ್ಲ. ಅತ್ತಿಗೆ ಬಿಟ್ಟಳು. ಇಲ್ಲಿ ನಿಂತು ಬೆವರುವ ಬದಲು ಮೇಲೆ ಹೋಗು ಎಂದು ಬೆನ್ನಿಗೆ ಕೈಯಿಟ್ಟು ದಬ್ಬಿದಳು.

ಬಾಗಿಲು ತೆಗೆದವರು ಅವಳ ಅಪ್ಪ. ನಾಳೆ ಹೋಗೋದಿಲ್ಲವಂತೆ ಎಂದಷ್ಟೇ ಹೇಳಿ ದಾರಿ ಬಿಟ್ಟರು. ಅವಳು ಕಿಟಕಿಯ ಹತ್ತಿರ, ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು ಕೂತಿದ್ದಳು.

ಅವನು ತಪ್ಪಾಯಿತು ಎಂದ. ಅವಳು ಪರವಾಗಿಲ್ಲ ಬಿಡಿ ಎಂದಳು. ಅವನು ಬಿಡಲಿಲ್ಲ. ನಿಮ್ಮ ಹಲ್ಲುಗಳನ್ನು ಹೀಗೆ ಯಾರಾದರೂ ತಿದ್ದಿದರೆ ಹೇಗಿರುತ್ತದೆ ಎಂದು ಈಗ ಗೊತ್ತಾಯಿತು ಎಂದ. ಆಗಷ್ಟೇ ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ನಾನು ಹಲ್ಲುಗಳನ್ನೂ ಒಂದೇ ಸಮ ಮಾಡುವುದಿಲ್ಲ, ಒಂದರ ಅಂಚನ್ನು ಸ್ವಲ್ಪ ಸವೆಸುತ್ತೇನೆ, ಒಂದನ್ನು ಕೂದಲೆಳೆಯಷ್ಟು ವಾರೆ ಕೂರಿಸುತ್ತೇನೆ, ಇಲ್ಲದಿದ್ದರೆ ಅದು ಯಾರದೋ ಬಾಯಲ್ಲಿ ಊಟ ಮಾಡಿದ ಹಲ್ಲು ಅನ್ನಿಸುವುದಿಲ್ಲ ಎಂದಳು.

"ಹಾಗಾದ್ರೆ ಮತ್ತೆ ಮಾಡೋಣ. ಇವತ್ತೇ" ಎಂದ ಅವನು. "ಒಂದೊಂದು ಗಾಯ ಎಲ್ಲಿ ಇತ್ತು, ಹೇಗೆ ಆಯ್ತು ಹೇಳಿ. ಗಾಯ ಮುಚ್ಚೋದೇ ನನ್ನ ಕಸುಬು. ಮುಚ್ಚೋ ಮುಂಚೆ ಎಲ್ಲಾನೂ ನೋಡಿರ್ತೀನಿ."

ನಿಜ. ಕಲ್ಲು ಸಿಡಿದು ಬಿದ್ದರೆ ಬಣ್ಣ ಹೇಗೆ ಚಕ್ಕೆಯೇಳುತ್ತದೆ, ಗೋಡೆಗೆ ಉಜ್ಜಿದರೆ ಗೀರು ಎಲ್ಲಿ ಶುರುವಾಗಿ ಎಲ್ಲಿ ತೆಳುವಾಗುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಮೊದಲು ನೀರು ಹಾಕಿ ಸ್ಯಾಂಡ್‌ಪೇಪರ್ ಉಜ್ಜಿ ಮೇಲಿನ ಹೊಳಪು ಸಾಯಿಸಿದರು. ಅವಳು ಕಥೆ ಹೇಳಿದಳು, ಅವನು ಜಾಗ ತೋರಿಸಿದ, ಅವಳು ಸಣ್ಣ ಮೆಶಿನ್ನಿನಿಂದ ಗೀರಿ ಒಳಗೆ ಬೆಳ್ಳಿ ಬಣ್ಣ ತುಂಬಿದಳು. ಹಣೆಯ ತಗ್ಗು, ಠಾಣೆಯ ಗಿಡ್ಡ ಬಾಗಿಲಿಗೆ ತಾನೇ ಬಡಿದುಕೊಂಡದ್ದು. ಸೈನಿಕಳಾದರೇನು, ಉದ್ದನೆಯ ಹುಡುಗಿ. ನೆತ್ತಿಯದು, ಗಾಯಗೊಂಡ ಜೊತೆಗಾರ್ತಿಯನ್ನು ಹೊತ್ತು ಓಡುವಾಗ ಆದದ್ದು. ಕಿವಿಯ ಹತ್ತಿರದ ಮಸಿ, ಚಳಿಯ ದಿನಗಳಲ್ಲಿ ಒಲೆಗೆ ತೀರಾ ಹತ್ತಿರ ಮಲಗುತ್ತಿದ್ದುದರಿಂದ.

ಹೇಳುತ್ತ ಹೇಳುತ್ತ ಅವಳ ಮುಖ ಅರಳುತ್ತಿತ್ತು. ಅವಳು ಇಷ್ಟು ಮಾತಾಡಿದ್ದನ್ನು ಅವನು ಎಂದೂ ಕೇಳಿರಲಿಲ್ಲ. ಒಂದೇ ಒಂದು ಗೀರನ್ನೂ ಅವನು ತಾನಾಗಿ ಹಾಕಲಿಲ್ಲ. ಹಾಕಲು ಕೈಯೇ ಬರುತ್ತಿರಲಿಲ್ಲ. ಮೆಶಿನ್ನು ಬಣ್ಣಕ್ಕೆ ತಾಗಿದಾಗಲೆಲ್ಲ ಅವನು ಕಣ್ಣು ಮುಚ್ಚಿಕೊಳ್ಳುವುದನ್ನು ನೋಡಿ ಅವಳಿಗೆ ನಗು.

ಕೊನೆಗೆ ಎಡ ದವಡೆ ಉಳಿಯಿತು.

"ಇದು?" ಎಂದ.

ಅವಳು ಬ್ರಶ್ಶನ್ನು ಬಟ್ಟೆಗೆ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಪಕ್ಕದ ಠಾಣೆಯಲ್ಲಿ ಒಬ್ಬ ಇದ್ದ. ದಿನಾ ಏನೋ ಒಂದು ನೆಪ ಹೇಳಿಕೊಂಡು ಬರ್ತಿದ್ದ. ಬಂದ ಕಾರಣ ಮಾತ್ರ ಹೇಳ್ತಿರಲಿಲ್ಲ. ಒಂದಿನ ಇವಳು, ಬಂದನಾ ಅಂತ ತಿರುಗಿ ನೋಡಿದಳು. ಆಗ ಬಿದ್ದ ಏಟು ಇದು."

ಅವನ ಕಿವಿ ಬಿಸಿಯಾಯಿತು. ಈ ಗಾಯವನ್ನೇ ಅಲ್ಲವೇ ತಾನು ಎಲ್ಲಕ್ಕಿಂತ ಮುತುವರ್ಜಿಯಿಂದ ಮುಚ್ಚಿದ್ದು.

"ಆಮೇಲೆ? ಅವನು ಹೇಳಿದನಾ?"

"ಗೊತ್ತಿಲ್ಲ. ಕಥೆ ಅಲ್ಲಿಗೇ ನಿಂತಿದೆ."

ಹೇಳಿದವಳು ತಲೆಗೆ ಸರಿಯಾಗಿ ಕೂರುತ್ತದೆಯೇ ನೋಡುತ್ತೇನೆ ಎಂದು ಗಡಿಬಿಡಿಯಲ್ಲಿ ಹೆಲ್ಮೆಟ್ಟು ಹಾಕಿಕೊಂಡುಬಿಟ್ಟಳು. ಈಗ ಅವನ ಎದುರಿಗೆ ಕಪ್ಪು ಕಣ್ಣಿನ ಸೈನಿಕಳೊಬ್ಬಳು. ಮುಖವಿಲ್ಲ, ಮಾತಿಲ್ಲ. ಅವಳ ಬೆರಳುಗಳು ಮಾತ್ರ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದವು. ಅವನ್ನು ನೋಡಿ ಅವನಿಗೆ ಧೈರ್ಯ ಬಂತು. ಹೆದರುವವನು ತಾನೊಬ್ಬನೇ ಅಲ್ಲ.

"ಪ್ರೈಮರ್ ಎಂದೋ ಒಣಗಿತ್ತು" ಎಂದ. "ನಾನು ಬರ್ತಿದ್ದಿದ್ದು ನಿಮ್ಮನ್ನ ನೋಡೋಕೆ. ಮೊದಲನೇ ದಿನದಿಂದಲೂ ಅಷ್ಟೇ. ನನಗೆ ನೀವು ಅಂದ್ರೆ ತುಂಬಾ ಇಷ್ಟ. ನಿಮಗೆ ಹಾಗಿಲ್ಲ ಅಂದ್ರೂ ನಾಳೆ ನೀವು ಹೋಗಲೇಬೇಕು. ನಾನು ಜನರ ಮಧ್ಯೆ ಎಲ್ಲೋ ನಿಂತು ನೋಡಿ ವಾಪಸ್ ಬರ್ತೀನಿ."

ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರನ್ನು ಒದ್ದು ಒದ್ದು ಸ್ಟಾರ್ಟ್ ಮಾಡುತ್ತಿದ್ದರು, ಅದು ಆಗುತ್ತಲೇ ಇರಲಿಲ್ಲ. ಆಮೇಲೆ ಅವಳು ಎರಡೂ ಕೈಯಿಂದ ಹೆಲ್ಮೆಟ್ಟನ್ನು ಎತ್ತಿ ತೆಗೆದಳು. ಕೂದಲು ಹಣೆಗೆ ಅಂಟಿತ್ತು, ಮೂಗಿನ ಮೇಲೆ ಒಂದು ಕೆಂಪು ಗುರುತು, ಕಣ್ಣು ಮಾತ್ರ ನೇರ ಅವನ ಕಣ್ಣಿನಲ್ಲಿ.

"ಇದನ್ನ ಮುಖ ಮುಚ್ಚಿಕೊಂಡು ಹೇಳಬಾರದು" ಎಂದಳು. "ನನಗೂ ನೀವು ಇಷ್ಟ. ನಾಳೆ ಹೋಗ್ತೀನಿ. ವೇದಿಕೆಯ ಆ ತುದಿಗೆ ಹೋದಮೇಲೆ ಇದನ್ನ ತೆಗೆದು, ಮುಖ ತೋರಿಸೇ ಇಳೀತೀನಿ. ನೀವು ಎಲ್ಲೋ ಮಧ್ಯದಲ್ಲಿ ನಿಲ್ಲೋದು ಬೇಡ, ನಾನು ತಿರುಗಿದ ಕೂಡಲೇ ಕಾಣೋ ಹಾಗೆ ಮುಂದೆ ನಿಂತಿರಬೇಕು."

ಆಗಲಿ ಎಂದು ಅವನು ತಲೆಯಾಡಿಸಿದ. ಪಕ್ಕದ ಕೋಣೆಯಿಂದ ಅವಳ ಅಪ್ಪ ಕೆಮ್ಮಿದರು. ಬಣ್ಣದ ವಾಸನೆಗೋ ಮಾತು ಕಿವಿಗೆ ಬಿದ್ದದ್ದಕ್ಕೋ, ಅವರಿಗೇ ಗೊತ್ತು.

ಅವಳು ಸಣ್ಣ ಮೆಶಿನ್ನನ್ನು ಅವನ ಕೈಗೆ ಕೊಟ್ಟು, ಎಡ ದವಡೆ ಅವನ ಕಡೆಗೆ ಬರುವಂತೆ ಹೆಲ್ಮೆಟ್ಟನ್ನು ತಿರುಗಿಸಿಟ್ಟಳು. ಇದನ್ನು ನೀವೇ ಹಾಕಬೇಕು ಎಂದಳು. ಅವನು ಮೆಶಿನ್ನನ್ನು ದವಡೆಯ ಹತ್ತಿರ ತಂದು ಕಣ್ಣು ಮುಚ್ಚಿಕೊಂಡ. ಅವಳು ತನ್ನ ಕೈಯನ್ನು ಅವನ ಕೈಯ ಮೇಲಿಟ್ಟಳು. ಗೀರು ಸೊಟ್ಟಗೆ, ಉದ್ದಕ್ಕೆ, ಬೇಕಾದ್ದಕ್ಕಿಂತ ಆಳವಾಗಿಯೇ ಬಿತ್ತು. ಅಷ್ಟು ಒಳ್ಳೆಯ ಪೇಂಟನ್ನು ಕೈಯಾರೆ ಹಾಳುಮಾಡಿ ಅವನು ಅಂದು ಪಟ್ಟ ಸಂತೋಷವನ್ನು ಅಷ್ಟು ವರ್ಷ ಯಾವ ಕಾರೂ ಅವನಿಗೆ ಕೊಟ್ಟಿರಲಿಲ್ಲ.